ಆಕಾಶವಾಣಿಯೂ ಜಿಲ್ಲೆಯ ಸಮಾಚಾರವೂ

ಮೈಸೂರಿನಲ್ಲಿ 1935ನೆಯ ಇಸವಿಯಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸತೊಡಗಿದ ಸಣ್ಣ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಮುಂದೆ ಅಖಿಲ ಭಾರತ ಸಂಸ್ಥೆಯೇ ಆ ಹೆಸರನ್ನು ಧರಿಸಿತೆಂಬುದನ್ನು ವಾಚಕರು ಬಲ್ಲರು. ಊರಿನಿಂದ ಹೆಸರನ್ನು ಪಡೆದ ಸಂಸ್ಥೆಯು ಊರಿನಿಂದ ವಾರ್ತೆಯನ್ನೂ ತಕ್ಕಷ್ಟು ಪಡೆಯುತ್ತಿರುವುದೇ ಎಂಬುದು ಈ ದಿನ ನಾವು ವಿಚಾರಮಾಡತಕ್ಕ ಸಂಗತಿ.

ಈಗಿನ ಏರ್ಪಾಡು ಇಂತಿದೆ. ದಿಲ್ಲಿಯ ಸಮಾಚಾರ ವಿಭಾಗವು ದೇಶದ ವಾರ್ತೆಯನ್ನೂ, ಬೆಂಗಳೂರಿನ ಪ್ರಾದೇಶಿಕ ವಿಭಾಗವು ರಾಜ್ಯದ ವಾರ್ತೆಯನ್ನೂ ಸಿದ್ಧಪಡಿಸುವುವು. ಹಾಸನದ ನಿಲಯವು 102.2 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನ ವಾರ್ತೆಯನ್ನು ಮರುಪ್ರಸಾರ ಮಾಡುವುದು. ಜಿಲ್ಲೆಯಿಂದ ಸುದ್ದಿಯನ್ನು ಮೇಲಕ್ಕೆ ಕಳುಹಿಸತಕ್ಕವರು ಅರೆಕಾಲಿಕ ಬಾತ್ಮೀದಾರರು. ಅವರು ಬರೆದುದು ರಾಜ್ಯದ 31 ಜಿಲ್ಲೆಗಳ ಸುದ್ದಿಗಳೊಡನೆ ಕೆಲವೇ ನಿಮಿಷಗಳಲ್ಲಿ ಸ್ಥಳಕ್ಕಾಗಿ ಹೆಣಗಬೇಕು.

ದೊಡ್ಡ ಸುದ್ದಿ ತಾನಾಗಿಯೇ ಮೇಲೇರುತ್ತದೆ. ಹೊಳೆನರಸೀಪುರದ ಸೀಮೆಯ ದೇವೇಗೌಡರು 1996ನೆಯ ಜೂನ್ 1ರಂದು ಪ್ರಧಾನಮಂತ್ರಿಗಳಾದುದನ್ನೂ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕವನ್ನೂ ದೇಶವೆಲ್ಲ ಕೇಳಿತು. ಆದರೆ ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುವುದೆಂಬುದು ಹೊಳೆನರಸೀಪುರದ ಹೊಳೆದಂಡೆಯವರಿಗೆ ಪ್ರಾಣದ ಮಾತು. ಆಲೂಗೆಡ್ಡೆಗೆ ಅಂಗಮಾರಿ ಬಿದ್ದಿದೆಯೆಂಬುದು ಅರಕಲಗೂಡಿನ ರೈತನಿಗೆ ವರ್ಷದ ಅನ್ನದ ಮಾತು. ನಾಲೆಗೆ ನೀರು ಯಾವ ದಿನ ಬರುವುದೆಂಬುದು ಚನ್ನರಾಯಪಟ್ಟಣದ ಬೆಳೆಗಾರರಿಗೆ ಹಾಗೆಯೇ. ಬೆಂಗಳೂರಿನ ಮೇಜಿನ ಮೇಲೆ ಇವು ಅಲ್ಪ. ಮರುದಿನ ತಿಳಿದರೆ ಇಲ್ಲಿಯವರಿಗೂ ನಿಷ್ಪ್ರಯೋಜಕ.

ಬೇರೆ ಬಾನುಲಿಯವರು ಈ ಕೊರತೆಯನ್ನು ತುಂಬಲಾರರು. ಖಾಸಗಿ ಎಫ್.ಎಂ. ನಿಲಯಗಳು ಸ್ವಂತ ವಾರ್ತಾಸಂಚಿಕೆಯನ್ನು ನಡೆಸುವಂತಿಲ್ಲ. 2019ರ ಜನವರಿಯಿಂದ ಅವು ಆಕಾಶವಾಣಿಯ ವಾರ್ತೆಯನ್ನೇ, ಅಕ್ಷರವನ್ನೂ ಬದಲಿಸದೆ, ಕೇಳಿಸುವ ಅವಕಾಶವನ್ನು ಪಡೆದಿವೆ. ಬಾಯಿ ಒಂದೇ ಆಗಿರುವಲ್ಲಿ ಅದರ ಹೊಣೆಯೂ ಇಮ್ಮಡಿಯಾಗುತ್ತದೆ.

ಊರಿನಲ್ಲಿ ವಾರ್ತೆ ಸಿದ್ಧವಾದರೆ ಊರಿನ ಪ್ರಬಲರ ಕೈ ಅದರ ಮೇಲೆ ಬೀಳುವುದೆಂದು ಕೆಲವರು ಶಂಕಿಸುವರು. ಈ ಶಂಕೆ ನಿರಾಧಾರವಾದುದಲ್ಲ. ಆದರೆ ಪ್ರಬಲರು ರಾಜಧಾನಿಯಲ್ಲಿಲ್ಲವೇ? ದೂರದಲ್ಲಿ ಬರೆದ ಸುಳ್ಳನ್ನು ಹಿಡಿಯುವವರಾರು? ಸ್ಥಳೀಯ ಸುದ್ದಿಯ ತಪ್ಪನ್ನಾದರೋ ಸಂತೆಯಲ್ಲಿ ನಿಂತವನೇ ತಿದ್ದಿಬಿಡುತ್ತಾನೆ. ಆಂಗ್ಲರ ಬಿ.ಬಿ.ಸಿ.ಯವರು 1967ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ತಮ್ಮ ಮೊದಲನೆಯ ಸ್ಥಳೀಯ ನಿಲಯವನ್ನು ತೆರೆದರು. ಅಷ್ಟು ಪ್ರಬಲವಾದ ಕೇಂದ್ರಕ್ಕೂ ಊರಿನ ಧ್ವನಿ ಬೇಕೆನಿಸಿತು.

ಆದಕಾರಣ ನಮ್ಮ ಸೂಚನೆ ಇಷ್ಟೇ. ಹಾಸನದ ನಿಲಯದಿಂದ ಪ್ರತಿದಿನವೂ ಹತ್ತು ನಿಮಿಷ ಎಂಟು ತಾಲ್ಲೂಕುಗಳ ವಾರ್ತೆ ಬರಲಿ. ಸುದ್ದಿಯ ಮೂಲವನ್ನು ಹೇಳಲಿ. ತಪ್ಪಾದರೆ ಮರುದಿನ ಅದೇ ಹೊತ್ತಿಗೆ ಒಪ್ಪಿಕೊಳ್ಳಲಿ. ಅದರಲ್ಲಿ ಮುಖ್ಯವಾದುದನ್ನು ಬೆಂಗಳೂರಿನವರು ಆಯ್ದುಕೊಳ್ಳಲಿ. ತಹಶೀಲ್ದಾರರೂ ನೀರಾವರಿ ಮತ್ತು ಕೃಷಿ ಇಲಾಖೆಗಳ ಅಧಿಕಾರಿಗಳೂ ಮೇಲಿನ ಅಪ್ಪಣೆಗೆ ಕಾಯದೆ ದಿನದ ವಿವರವನ್ನು ಒದಗಿಸಬೇಕು. ವಾರ್ತೆಯೆಂಬುದು ಮೇಲಿನಿಂದ ಹರಿಯುವ ನಾಲೆ ಮಾತ್ರವಲ್ಲ. ಹಳ್ಳಕೊಳ್ಳಗಳು ಬಂದು ಸೇರದಿದ್ದರೆ ಹೇಮಾವತಿಯೂ ಹೊಳೆಯಾಗಲಾರಳು.