ನಮ್ಮ ಮೇಜಿನೆದುರಿನ ಪರದೇಶಿ

ಪರಸ್ಥಳದಲ್ಲಿ ನೆಲೆಸಿದವನನ್ನು ದೊಡ್ಡ ಕಷ್ಟಗಳಿಗಿಂತಲೂ ಸಣ್ಣ ಸಂಕಟಗಳೇ ಹೆಚ್ಚು ದಣಿಸುತ್ತವೆ. ದೊಡ್ಡ ಕಷ್ಟ ಒದಗಿದಾಗ ನಾಲ್ಕು ಜನ ಪರಿಚಿತರು ಕೂಡುತ್ತಾರೆ; ಊರಿಗೆ ಸುದ್ದಿ ಹೋಗುತ್ತದೆ; ಹೇಗೋ ಒಂದು ದಾರಿ ತೋರುತ್ತದೆ. ಆದರೆ ಕೆರದೊಳಗೆ ಸೇರಿದ ಹರಳಿನಂತೆ ಹೆಜ್ಜೆಹೆಜ್ಜೆಗೂ ಒತ್ತುವ ಸಣ್ಣ ತೊಂದರೆಗಳನ್ನು ಯಾರಲ್ಲಿ ಹೇಳಿಕೊಳ್ಳುವುದು? ಹೇಳಿದರೆ ನಗೆಪಾಟಲು, ಹೇಳದಿದ್ದರೆ ಒಳಗೊಳಗೇ ಬೇಗುದಿ. ಪುಣೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಸೋದರರಿಗೂ ಕಚೇರಿಗಳಲ್ಲಿ ಲೆಕ್ಕ ಬರೆಯುವ ಮಿತ್ರರಿಗೂ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಇದೇ ನಗರದಲ್ಲಿ, ಅನೇಕ ವೇಳೆ ನಾವೇ ಒರಸಿಟ್ಟ ಮೇಜಿನೆದುರಿಗೆ ಕುಳಿತು, ಇದೇ ನೋವನ್ನು ನುಂಗುತ್ತಿರುವ ಇನ್ನೊಂದು ವರ್ಗದವರಿದ್ದಾರೆ. ಅವರು ಪಶ್ಚಿಮ ದೇಶಗಳಿಂದ ಬಂದು ಇಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವ ವಿದೇಶೀಯರು.

ಪುಣೆಗೆ ಇವರು ಹೊಸಬರಲ್ಲ. 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ರಜನೀಶರ ಆಶ್ರಮ ನೆಲೆಗೊಂಡ ಮೇಲೆ ಸಾವಿರಾರು ಜನ ಬಂದರು. ಚಾಕಣದ ಮೋಟಾರು ಕಾರಖಾನೆಗಳಿಗೆ ಇಂಜಿನಿಯರುಗಳು ಬಂದರು. ನಮಗೆ ಇನ್ನಷ್ಟು ಹತ್ತಿರದ ಸಂಗತಿಯೊಂದುಂಟು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಯೋಗ ಕಲಿಸಲೆಂದು ಈ ನಗರಕ್ಕೆ ಬಂದರು. ಆಗ ಅವರಿಗೆ ಮರಾಠಿ ಬಾರದು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನರು ಅವರ ಶಿಷ್ಯರಾದರು. 1975ರಲ್ಲಿ ಮಾಡೆಲ್ ಕಾಲೊನಿಯಲ್ಲಿ ಅವರ ಯೋಗಸಂಸ್ಥೆ ತೆರೆಯಿತು. ಅಂದಿನಿಂದ ಯುರೋಪು ಅಮೇರಿಕಗಳ ಶಿಷ್ಯರು ಸುತ್ತಲಿನ ಬೀದಿಗಳಲ್ಲಿ ಕೋಣೆ ಹಿಡಿದು ಕಲಿಯುತ್ತ ಬಂದಿದ್ದಾರೆ. 2014ರಲ್ಲಿ ಗುರುಗಳು ತೀರಿಕೊಂಡರೂ ಅವರ ಬರವು ನಿಂತಿಲ್ಲ. ಗುರು ಕನ್ನಡನಾಡಿನವರು, ಬೆಳಗಿನ ದೋಸೆಯೂ ಕನ್ನಡನಾಡಿನದು. ಆದರೆ ನಡುವಿನ ಬದುಕೆಲ್ಲ ಅವರಿಗೆ ಅರಿಯದ ಮರಾಠಿ ನಗರದಲ್ಲಿ.

ಇವರ ಸಂಕಟಗಳು ನಮ್ಮ ಮೇಜಿನಿಂದಲೇ ಆರಂಭವಾಗುತ್ತವೆ. “ಇದು ಖಾರವಲ್ಲವಷ್ಟೆ?” ಎಂದು ಅತಿಥಿ ಕೇಳುತ್ತಾರೆ. ನಮ್ಮ ಹುಡುಗ ರೂಢಿಯಂತೆ ಗೋಣನ್ನು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಾನೆ. ನಮ್ಮಲ್ಲಿ ಅದು ‘ಆಗಲಿ’ ಎಂಬ ಸಮ್ಮತಿ. ಅವರಲ್ಲಿ ತಲೆ ಅಡ್ಡಡ್ಡ ಆಡಿದರೆ ‘ಇಲ್ಲ’ ಎಂದೇ ಅರ್ಥ. ಫಲವಾಗಿ ಸಾಂಬಾರಿನ ಮೊದಲ ಗುಟುಕಿಗೇ ಕಣ್ಣಲ್ಲಿ ನೀರು! ಹಾಗೆಯೇ, ಆಗದ ಕೆಲಸವನ್ನು ‘ಆಗದು’ ಎಂದು ಹೇಳಲು ನಮಗೆ ದಾಕ್ಷಿಣ್ಯ. ‘ನೋಡೋಣ’, ‘ಐದು ನಿಮಿಷ’ ಎನ್ನುತ್ತೇವೆ. ಆ ಐದು ನಿಮಿಷವನ್ನು ಗಡಿಯಾರ ಹಿಡಿದು ಎಣಿಸುತ್ತ ಕುಳಿತವರನ್ನು ನಾವು ಕಂಡಿದ್ದೇವೆ.

ಬೀದಿಗಿಳಿದರೆ ಇನ್ನಷ್ಟು ತೊಡಕು. ಪುಣೆಯ ಪೇಟೆಗಳಿಗೆ ವಾರದ ಏಳು ದಿನಗಳ ಹೆಸರುಗಳಿವೆ. ‘ಬುಧವಾರಕ್ಕೆ ಹೋಗಿ’ ಎಂದರೆ ಯಾವಾಗ ಹೋಗಬೇಕೆಂದು ಅವರು ತಿಳಿಯಬೇಕೋ, ಎಲ್ಲಿಗೆ ಹೋಗಬೇಕೆಂದೋ? ಹಳೆಯ ಪೇಟೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವ ಪುಣೇರಿ ವಾಡಿಕೆ ಲೋಕಪ್ರಸಿದ್ಧ. ಬಿಸಿಲಿನಲ್ಲಿ ಮುಚ್ಚಿದ ಬಾಗಿಲನ್ನು ನೋಡಿ ನಿಂತ ಪರಕೀಯನಿಗೆ ಅದು ಗೊತ್ತಿರುವ ಬಗೆಯೆಂತು? ಶ್ರಮಪಟ್ಟು ಮರಾಠಿಯಲ್ಲಿ ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿದವರಿಗೆ ರಿಕ್ಷಾದವನು ‘ದೀಡ್‌ಶೇ’ ಎನ್ನುತ್ತಾನೆ. ನೂರೈವತ್ತಕ್ಕೆ ಆ ಹೆಸರುಂಟೆಂದು ಅವರ ಪಾಠದಲ್ಲಿ ಬಂದಿರುವುದಿಲ್ಲ. ‘ಪರವಾ’ ಎಂಬ ಮಾತಂತೂ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಇವೆರಡಕ್ಕೂ ಬೇರೆ ಬೇರೆ ಪದಗಳಿರುವ ಭಾಷೆಯಿಂದ ಬಂದ ನಾವೇ ಇದರಿಂದ ಮೋಸಹೋಗಿ ಧೋಬಿಯ ಅಂಗಡಿಗೆ ವ್ಯರ್ಥವಾಗಿ ತಿರುಗಲಿಲ್ಲವೇ?

ಕಾಗದಪತ್ರಗಳ ಕಾಟ ಬೇರೆ. ಉದ್ಯೋಗಕ್ಕಾಗಿಯೋ ವ್ಯಾಸಂಗಕ್ಕಾಗಿಯೋ ದೀರ್ಘಕಾಲದ ವೀಸಾ ಪಡೆದವರು ಬಂದ 14 ದಿನಗಳೊಳಗೆ ಹೆಸರು ನೋಂದಾಯಿಸಬೇಕು. ವಿದೇಶೀಯನು ತಂಗಿದ ವರ್ತಮಾನವನ್ನು ವಸತಿಗೃಹದವರು 24 ತಾಸುಗಳೊಳಗೆ ಸರಕಾರಕ್ಕೆ ತಿಳಿಸಬೇಕು. ಬಹುಕಾಲ ‘ಸಿ ಫಾರಂ’ ಎಂದು ರೂಢಿಯಲ್ಲಿದ್ದ ಆ ಕಾಗದವನ್ನು ನಮ್ಮ ಓದುಗರಲ್ಲಿ ಹಲವರು ಸ್ವಹಸ್ತದಿಂದ ತುಂಬಿರಬಹುದು. ಈ ತಲೆನೋವಿಗೆ ಅಂಜಿಯೇ ಎಷ್ಟೋ ಮನೆಯ ಮಾಲಿಕರು ಬಿಳಿಯರಿಗೆ ಕೋಣೆ ಕೊಡಲು ಹಿಂಜರಿಯುತ್ತಾರೆ. ಕೊಟ್ಟರೂ ಹನ್ನೊಂದು ತಿಂಗಳ ಕರಾರು. ಅರವತ್ತು ವರ್ಷದ ಹೆಂಗಸನ್ನು ಗುಮಾಸ್ತನು “ತಂದೆಯ ಹೆಸರೇನು?” ಎಂದು ಕೇಳಿದಾಗ ಆಕೆ ಬೆರಗಾಗುತ್ತಾಳೆ.

ನಾವು ಮಾತ್ರ ಬೆರಗಾಗಲಾರೆವು. ಹನ್ನೊಂದು ತಿಂಗಳಿಗೊಮ್ಮೆ ಹಾಸಿಗೆ ಸುತ್ತುವ ಕಷ್ಟ ನಮಗೂ ತಪ್ಪಿದ್ದಲ್ಲ. ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಮೂರು ಖಾನೆಗಳ ಮುಂದೆ ನಮ್ಮವರು ಎಷ್ಟು ಜನ ಪೆನ್ನು ಹಿಡಿದು ಬೆವರಿಲ್ಲ? ಬೆಳ್ಳೂರು ಊರಿನ ಹೆಸರು, ಕೃಷ್ಣಮಾಚಾರ್ ತಂದೆಯ ಹೆಸರು, ಸುಂದರರಾಜ ತಮ್ಮ ಹೆಸರು ಎಂದು ಮೂರಕ್ಷರಗಳಲ್ಲಿ ಅಡಗಿಸಿದ ಅಯ್ಯಂಗಾರರ ಮಾದರಿಯ ನಾಮಧೇಯ ಆ ಖಾನೆಗಳಲ್ಲಿ ಹಿಡಿಸುವುದಾದರೂ ಹೇಗೆ? ನಮ್ಮ ಹೋಟೆಲುಗಳ ಕಥೆಯೂ ಇಂಥದೇ. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳನ್ನು ಕಟ್ಟಿ ಬೆಳೆಸಿ 2023ರಲ್ಲಿ ದಿವಂಗತರಾದ ಜಗನ್ನಾಥ ಶೆಟ್ಟರು ಕರಾವಳಿಯವರು, ಆದರೂ ಅವುಗಳ ಮೊದಲಿನ ಫಲಕಗಳಲ್ಲಿದ್ದ ಹೆಸರು ‘ಮದ್ರಾಸ್’. ದಕ್ಷಿಣವೆಂದರೆ ಜನರಿಗೆ ಮದ್ರಾಸೊಂದೇ ಗೊತ್ತಿದ್ದ ಕಾಲದಲ್ಲಿ ನಮ್ಮವರು ತಮ್ಮ ಊರಿನ ಹೆಸರನ್ನು ಒಳಗಿಟ್ಟು ಗಿರಾಕಿಗೆ ತಿಳಿದ ಹೆಸರನ್ನು ಹೊರಗೆ ಬರೆಸಬೇಕಾಯಿತು.

ಹೀಗೆಂದ ಮಾತ್ರಕ್ಕೆ ಅವರ ಸ್ಥಿತಿಯೂ ನಮ್ಮದೂ ಒಂದೇ ಎಂದು ನಾವು ಹೇಳುವುದಿಲ್ಲ. ಅವರ ಕಿಸೆಯಲ್ಲಿ ಹಿಂದಿರುಗುವ ಟಿಕೆಟ್ಟಿದೆ. ಬೇಸರವಾದರೆ ವಿಮಾನ ಹತ್ತಬಹುದು. ನಮ್ಮ ಹುಡುಗನು ಊರಿಗೆ ಹೋಗಬೇಕಾದರೆ ರಜೆ ಸಿಗಬೇಕು, ಸಂಬಳದಲ್ಲಿ ಉಳಿಯಬೇಕು. ಇನ್ನೊಂದು ಭೇದವುಂಟು: ಅವರನ್ನು ಎಲ್ಲರೂ ನೋಡುತ್ತಾರೆ, ನಮ್ಮನ್ನು ಯಾರೂ ನೋಡುವುದಿಲ್ಲ. ಅಪರಿಚಿತರು ಅಡ್ಡಗಟ್ಟಿ ಫೋಟೋ ತೆಗೆದುಕೊಳ್ಳುವುದು, ಮದುವೆ ಮಕ್ಕಳ ವಿಚಾರ ಕೇಳುವುದು ಅವರ ಪಾಡು. ಹತ್ತು ವರ್ಷ ಒಂದೇ ಗಲ್ಲೆಯಲ್ಲಿ ಕುಳಿತರೂ ‘ಅಣ್ಣಾ’ ಎಂಬುದಕ್ಕಿಂತ ಬೇರೆ ಹೆಸರಿಲ್ಲದಿರುವುದು ನಮ್ಮದು.

ಈ ಸಂಬಂಧದಲ್ಲಿ ನಾವು ಕಣ್ಣಾರೆ ಕಂಡ ಒಂದು ಚಿಕ್ಕ ಸಂಗತಿ ನೆನಪಾಗುತ್ತದೆ. ನಮ್ಮವರದೇ ಆದ ಒಂದು ಹೋಟೆಲಿನಲ್ಲಿ ಯೋಗ ಕಲಿಯಲು ಬಂದ ವಿದೇಶೀ ಮಹಿಳೆಯೊಬ್ಬರು ಪ್ರತಿದಿನ ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದರು. ಒಂದು ದಿನ ಅವರು ಬಡಿಸುವ ಹುಡುಗನನ್ನು ತಡೆದು, “ನಿನ್ನ ಹೆಸರೇನು? ಊರು ಯಾವುದು?” ಎಂದು ಕೇಳಿದರು. ಹುಡುಗನು ತಪ್ಪೇನೋ ಆಯಿತೆಂದು ಮೊದಲು ಹೆದರಿದನು. ಆಮೇಲೆ ಹೆಸರನ್ನೂ ಕುಂದಾಪುರವನ್ನೂ ಹೇಳಿದನು. ಆಕೆ ಆ ಎರಡು ಶಬ್ದಗಳನ್ನು ನಾಲ್ಕೈದು ಸಲ ಉಚ್ಚರಿಸಿ, ಸರಿಯಾಯಿತೇ ಎಂದು ಅವನನ್ನೇ ಕೇಳಿದರು. “ಇಲ್ಲಿಗೆ ಬಂದು ಎರಡು ವರ್ಷವಾಯಿತು, ಗಿರಾಕಿಗಳು ಹೆಸರು ಕೇಳಿದ್ದು ಇದೇ ಮೊದಲು” ಎಂದು ಆ ಹುಡುಗ ಸಂಜೆ ನಮ್ಮೊಡನೆ ಹೇಳಿದನು. ಊರಿನಲ್ಲೆಲ್ಲ ಬರಿಯ ‘ಮೇಡಂ’ ಎನ್ನಿಸಿಕೊಂಡು ಬೇಸತ್ತವರಿಗೇ ಆ ಪ್ರಶ್ನೆ ತೋಚಿದ್ದರಲ್ಲಿ ನಮಗೆ ಆಶ್ಚರ್ಯ ಕಾಣಲಿಲ್ಲ.

ಪರಸ್ಥಳವನ್ನು ಗೆದ್ದವರೆಲ್ಲ ಹೀಗೆಯೇ, ಒಂದೊಂದು ಶಬ್ದವಾಗಿ ಗೆದ್ದವರು. ಮೋಲ್ಸ್‌ವರ್ಥನು 1831ರಲ್ಲಿ ಮರಾಠಿಗೆ ದೊಡ್ಡ ನಿಘಂಟನ್ನು ಕೊಟ್ಟನು. 1853ರಲ್ಲಿ ಜರ್ಮನಿಯಿಂದ ಕನ್ನಡನಾಡಿಗೆ ಬಂದ ಕಿಟೆಲ್ ಸಾಹೇಬರ ಕನ್ನಡ ನಿಘಂಟು 1894ರಲ್ಲಿ ಮುಗಿಯಿತು. ಆ ನಲವತ್ತು ವರ್ಷಗಳಲ್ಲಿ ಅವರಿಗೂ ಎಷ್ಟು ಸಲ ದಾರಿ ತಪ್ಪಿರಬೇಕು, ಎಷ್ಟು ಮಾತು ಅಪಾರ್ಥವಾಗಿರಬೇಕು! ನಮ್ಮ ಕಾಲದಲ್ಲಿ ಅಮೇರಿಕದ ಮ್ಯಾಕ್ಸಿನ್ ಬರ್ನ್‌ಸನ್ ಅವರು ಫಲಟಣದಲ್ಲಿ ನೆಲೆಸಿ, ಭಾರತದ ಪೌರತ್ವ ಪಡೆದು, ಮರಾಠಿಯಲ್ಲೇ ಮಕ್ಕಳಿಗೆ ಶಾಲೆ ಕಟ್ಟಿದರು.

ಎಲ್ಲರೂ ನಿಘಂಟು ಬರೆಯಬೇಕಾಗಿಲ್ಲ. ವಿದೇಶೀ ಅತಿಥಿಗೆ ಗೋಣಾಡಿಸುವ ಬದಲು ಬಾಯಿಬಿಟ್ಟು ‘ಹೌದು’, ‘ಇಲ್ಲ’ ಎನ್ನೋಣ. ಹೋಗಬೇಕಾದ ಜಾಗದ ಹೆಸರನ್ನು ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಡೋಣ. ಬಿಲ್ಲಿನ ಮೊತ್ತವನ್ನು ಅಂಕಿಯಲ್ಲೇ ತೋರಿಸೋಣ. ಅದೇ ಪ್ರಕಾರ, ಮರಾಠಿ ಆಡಬಲ್ಲೆವೆಂದು ಸುಮ್ಮನಾಗದೆ ಅದನ್ನು ಓದಲೂ ಕಲಿಯೋಣ. ಇನ್ನು, ನಿನ್ನೆಯಷ್ಟೇ ರೈಲಿನಿಂದ ಇಳಿದ ಹೊಸ ಹುಡುಗನು ನಮ್ಮ ಹೋಟೆಲಿನಲ್ಲೋ ಕಚೇರಿಯಲ್ಲೋ ಮುದುಡಿ ನಿಂತಿದ್ದರೆ, ಕೆಲಸ ಹೇಳುವ ಮುನ್ನ ಅವನ ಹೆಸರನ್ನೂ ಊರನ್ನೂ ಕೇಳೋಣ. ಅಷ್ಟು ಕೇಳಲು ಐದು ನಿಮಿಷವೂ ಬೇಕಾಗಲಾರದು.