ಪ್ರಸವಕಾಲದ ಸಂಮೋಹನ ಮತ್ತು ಬಳಿಯಿರುವವರ ಹೊಣೆ

‘ಸಂಮೋಹನ’ವೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ವಶೀಕರಣದ ಮಾಂತ್ರಿಕ, ಇಲ್ಲವೆ ರಂಗದ ಮೇಲೆ ಪ್ರೇಕ್ಷಕರನ್ನು ಕುಣಿಸುವ ಜಾದೂಗಾರ. ಅದನ್ನು ಗರ್ಭಿಣಿಯರಿಗೆ ಕಲಿಸುತ್ತಾರೆಂದರೆ ಮನೆಯ ಹಿರಿಯರು ಹುಬ್ಬೇರಿಸುವುದು ಸಹಜವೇ. ಈ ತಪ್ಪು ಕಲ್ಪನೆಗೆ ಹೆಸರೂ ಒಂದು ಕಾರಣ. ಮ್ಯಾಂಚೆಸ್ಟರಿನಲ್ಲಿ ಶಸ್ತ್ರವೈದ್ಯರಾಗಿದ್ದ ಜೇಮ್ಸ್ ಬ್ರೇಡ್ ಅವರು 1843ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ನಿದ್ರೆ ಎಂಬರ್ಥದ ಗ್ರೀಕ್ ಪದದಿಂದ ಬಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ರೂಢಿಗೆ ತಂದರು. ಮುಂದೆ ಅವರೇ ಇದು ನಿದ್ರೆಯಲ್ಲ, ಮನಸ್ಸು ಒಂದೇ ಭಾವದಲ್ಲಿ ನೆಲೆನಿಲ್ಲುವ ಸ್ಥಿತಿ ಎಂದು ಮನಗಂಡು ಬೇರೊಂದು ಹೆಸರನ್ನು ಸೂಚಿಸಿದರು. ಆದರೆ ಹಳೆಯ ಹೆಸರೇ ಉಳಿಯಿತು. ಅದರೊಡನೆ ಅಂಜಿಕೆಯೂ ಉಳಿಯಿತು.

ಹೆರಿಗೆಗಾಗಿ ಕಲಿಸುವುದು ಸ್ವಸಂಮೋಹನ. ಇಲ್ಲಿ ಯಾರೂ ಯಾರ ವಶಕ್ಕೂ ಹೋಗುವುದಿಲ್ಲ. ಆಕೆ ಎಚ್ಚರವಾಗಿಯೇ ಇರುತ್ತಾಳೆ, ಮಾತು ಕೇಳುತ್ತಾಳೆ, ಬೇಡವೆನಿಸಿದಾಗ ಕಣ್ಣು ತೆರೆಯುತ್ತಾಳೆ. ಇಂಗ್ಲೆಂಡಿನ ಪ್ರಸೂತಿತಜ್ಞ ಗ್ರಾಂಟ್ಲಿ ಡಿಕ್-ರೀಡ್ ಅವರು 1933ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಮತ್ತೆ ಭಯವನ್ನು ಬೆಳೆಸುತ್ತದೆ ಎಂದು ವಾದಿಸಿದರು. ಅವರು ಸಂಮೋಹನವಾದಿಗಳಲ್ಲ, ಆದರೂ ಇಂದಿನ ಅಭ್ಯಾಸಗಳು ಮುರಿಯಹೊರಟಿರುವುದು ಈ ಸರಪಳಿಯನ್ನೇ.

ಫಲವೆಷ್ಟು? ‘ನೋವಿಲ್ಲದ ಹೆರಿಗೆ’ ಎಂದು ಸಾರುವವರ ಮಾತನ್ನು ನಂಬಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 680 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಸಂಮೋಹನ ಕಲಿತವರಲ್ಲಿ ಶೇಕಡ 27.9 ಮಂದಿ, ಕಲಿಯದವರಲ್ಲಿ ಶೇಕಡ 30.3 ಮಂದಿ ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಪಡೆದರು. ಇದು ಗಣನೆಗೆ ಬರುವಷ್ಟು ಅಂತರವಲ್ಲ. ಆದರೆ ಕಲಿತವರು ಹೆರಿಗೆಯಾದ ಎರಡು ವಾರಗಳ ಬಳಿಕ, ತಾವು ಎಣಿಸಿದ್ದಕ್ಕಿಂತ ಭಯ, ಆತಂಕಗಳು ಕಡಿಮೆಯಾಗಿದ್ದುವೆಂದು ಹೇಳಿದರು. ನೋವು ಅಳಿಯದಿದ್ದರೂ ಭಯ ಇಳಿಯಿತು. ನನ್ನ ಮಟ್ಟಿಗೆ ಇದು ಸಣ್ಣ ಲಾಭವಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರವಿರುವುದು ಬಳಿಯಿರುವವರ ವಿಷಯದಲ್ಲಿ. 15,000ಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಹೊರಬಂದ ಕಾಕ್ರೇನ್ ಪರಾಮರ್ಶೆಯು, ಆದ್ಯಂತ ಒಬ್ಬರು ಜೊತೆಗಿದ್ದು ಧೈರ್ಯ ತುಂಬಿದರೆ ಸಹಜ ಹೆರಿಗೆ ಹೆಚ್ಚುವ, ಸಿಸೇರಿಯನ್ ತಗ್ಗುವ, ಬೇನೆಯ ಅವಧಿ ಕಿರಿದಾಗುವ ಸಾಧ್ಯತೆಯಿದೆಯೆಂದು ತಿಳಿಸಿತು. ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಸೂಲಗಿತ್ತಿ, ತಾಯಿ, ನೆರೆಯ ಹಿರಿಯಳು ಸುತ್ತ ಇರುತ್ತಿದ್ದರು. ಆಸ್ಪತ್ರೆ ಜೀವ ಉಳಿಸಿತು, ನಿಜ. ಆದರೆ ಬಾಗಿಲಲ್ಲೇ ಬಂಧುಗಳನ್ನು ತಡೆಯಿತು. 2016ರಲ್ಲಿ ಕೇಂದ್ರ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾರ್ತಿಯೊಬ್ಬಳಿಗೆ ಅವಕಾಶ ನೀಡಿತು. ಹೆತ್ತ ಅನುಭವವುಳ್ಳ ಬಂಧುವಾದರೆ ಲೇಸು. ಮರೆಯ ವ್ಯವಸ್ಥೆಯಿದ್ದಲ್ಲಿ ಪತಿಯೂ ಇರಬಹುದು.

ಆದರೆ ಸುಮ್ಮನೆ ಒಳಗೆ ಹೋಗಿ ಕುಳಿತರೆ ಸಾಲದು. ‘ನಾನು ನಿನ್ನ ಹೆರುವಾಗ ಮೂರು ದಿನ ಬ್ಯಾನಿ ತಿಂದೆನವ್ವಾ’ ಎಂದು ಕಥೆ ಹೇಳುವ ತಾಯಿಯೂ ಪ್ರೀತಿಯಿಂದಲೇ ಭಯವನ್ನು ಬಿತ್ತುತ್ತಾಳೆ. ಏಳನೆಯ ತಿಂಗಳು ತುಂಬಿದ ಮೇಲೆ ಇಬ್ಬರೂ ಕೂಡಿ ನಿತ್ಯ ಇಪ್ಪತ್ತು ನಿಮಿಷ ಅಭ್ಯಾಸಕ್ಕೆ ಕೂಡಬೇಕು. ಆಕೆ ಎಡಮಗ್ಗುಲಿಗೆ ಒರಗಿ ಕಣ್ಣು ಮುಚ್ಚಲಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಲಿ. ಇಪ್ಪತ್ತರಿಂದ ಒಂದರವರೆಗೆ ಹಿಮ್ಮುಖವಾಗಿ ಎಣಿಸುತ್ತ, ತನಗೆ ಇಷ್ಟವಾದ ಒಂದು ತಾಣವನ್ನು, ತವರಿನ ಹಿತ್ತಲೇ ಆಗಲಿ, ಹೊಳೆದಂಡೆಯೇ ಆಗಲಿ, ಮನಸ್ಸಿನಲ್ಲಿ ಕಾಣಲಿ. ಜೊತೆಗಾರರು ಹೆಗಲ ಮೇಲೆ ಕೈಯಿರಿಸಿ ‘ಸಡಿಲ ಬಿಡವ್ವಾ’ ಎಂಬಂಥ ಒಂದೇ ಮಾತನ್ನು, ಒಂದೇ ದನಿಯಲ್ಲಿ ಹೇಳಲಿ. ದಿನವೂ ಇದೇ ಸ್ಪರ್ಶ, ಇದೇ ಮಾತು. ಬೇನೆಯ ಹೊತ್ತಿನಲ್ಲಿ ಹೊಸ ಉಪದೇಶ ಕಿವಿಗೆ ಹೋಗುವುದಿಲ್ಲ, ಪಳಗಿದ ದನಿಯಷ್ಟೇ ಹೋಗುತ್ತದೆ. ಒಂದೊಂದು ಬೇನೆಯೂ ಸುಮಾರು ಒಂದು ನಿಮಿಷದ್ದು; ಆ ನಿಮಿಷ ಉಸಿರಿಗೆ, ನಡುವಿನ ಬಿಡುವು ಗುಟುಕು ನೀರಿಗೆ, ಸೊಂಟ ನೀವುವುದಕ್ಕೆ.

ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಮೂರ್ಛೆರೋಗವುಳ್ಳವರು ವೈದ್ಯರನ್ನು ಕೇಳದೆ ಇದನ್ನು ತೊಡಗಬಾರದು. ಆಕೆ ಶಾಂತವಾಗಿದ್ದಾಳೆಂದು ಜೊತೆಗಾರರು ಮೈಮರೆಯಲೂ ಬಾರದು. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಮಗುವಿನ ಅಲುಗಾಟ ತಗ್ಗುವಿಕೆ ಕಂಡೊಡನೆ ಅಭ್ಯಾಸವನ್ನು ಬದಿಗಿಟ್ಟು ವೈದ್ಯರನ್ನು ಕರೆಯಬೇಕು. ಆಕೆ ನೋವಿನ ಔಷಧ ಬೇಡಿದರೆ ‘ಇಷ್ಟು ಕಲಿತದ್ದು ವ್ಯರ್ಥವಾಯಿತೇ’ ಎಂದು ಯಾರೂ ಅನ್ನಕೂಡದು. ಚೊಚ್ಚಲ ಹೆರಿಗೆ ಹನ್ನೆರಡು ತಾಸನ್ನೂ ಮೀರಬಹುದು. ಆದುದರಿಂದ ಜೊತೆಗಾರರು ಹೊಟ್ಟೆತುಂಬ ಉಂಡು ಹೋಗಲಿ, ಹರಕೆಯ ಉಪವಾಸವನ್ನು ಇನ್ನೊಂದು ದಿನಕ್ಕೆ ಮುಂದೂಡಲಿ.