ಮಾತನ್ನು ಕಳೆದುಕೊಂಡ ಮಾತುಗಾರ

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 1963ರ ನವೆಂಬರ್ 23ರಂದು ಪ್ರಾರಂಭಿಸಿ, 1989ರಲ್ಲಿ ನಿಲ್ಲಿಸಿ, 2005ರಲ್ಲಿ ಮತ್ತೆ ಜೀವಗೊಳಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯು ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ನೋಡಲೆಂದು ರಚಿತವಾದುದು. ಡಾಕ್ಟರನೆಂದೇ ಕರೆಯಲ್ಪಡುವ ಅದರ ನಾಯಕನು ದೇಶಕಾಲಗಳ ಎಲ್ಲೆಗಳನ್ನು ಮೀರಿ ಸಂಚರಿಸಬಲ್ಲ ಅನ್ಯಗ್ರಹವಾಸಿ. ಆಯುಧವನ್ನು ನೆಚ್ಚದೆ, ಬುದ್ಧಿಯಿಂದಲೂ ವಾಗ್ಬಲದಿಂದಲೂ ಲೋಕಲೋಕಗಳನ್ನು ಕಾಯತಕ್ಕವನು. ಆಪತ್ತು ಒದಗಿದಲ್ಲಿ ಅವನು ಅಪರಿಚಿತರ ನಡುವೆ ಬಂದು ನಿಂತು ನಾಲ್ಕು ಮಾತನಾಡಿದನೆಂದರೆ ಸಾಕು, ಅವರು ಅವನನ್ನು ನಂಬಿ ಅವನ ಹಿಂದೆ ನಡೆಯುತ್ತಾರೆ. ಈ ನಂಬಿಕೆಯನ್ನು ಅವನಿಗೆ ಕೊಟ್ಟವರಾರು, ಕೊಡದೆ ಹೋಗಿದ್ದರೆ ಅವನ ಗತಿಯೇನಾಗುತ್ತಿತ್ತು ಎಂಬ ಪ್ರಶ್ನೆಯನ್ನು 2008ರ ಜೂನ್ 14ರಂದು ಪ್ರಸಾರವಾದ ‘ಮಿಡ್‌ನೈಟ್’ ಎಂಬ ಕಂತು ನಿರ್ದಾಕ್ಷಿಣ್ಯವಾಗಿ ಕೇಳಿತು. ಇದನ್ನು ಬರೆದವರು ರಸೆಲ್ ಟಿ. ಡೇವೀಸ್, ನಿರ್ದೇಶಿಸಿದವರು ಆಲಿಸ್ ಟ್ರೌಟನ್. ಹಿಂದುಮುಂದಿನ ಕಂತುಗಳನ್ನು ಕಾಣದವರಿಗೂ ಸಂಪೂರ್ಣವಾಗಿ ತಿಳಿಯುವ ಸ್ವತಂತ್ರ ಕಥೆಯಿದು.

ಮಿಡ್‌ನೈಟ್ ಎಂಬುದು ವಜ್ರಮಯವಾದ ಒಂದು ಗ್ರಹ. ಅದರ ಸೂರ್ಯನ ಬೆಳಕು ಜೀವವಿರುವ ಸಮಸ್ತವನ್ನೂ ಕ್ಷಣಮಾತ್ರದಲ್ಲಿ ನಾಶಮಾಡುವಷ್ಟು ಉಗ್ರವಾದುದರಿಂದ, ಅಲ್ಲಿ ಯಾವ ಪ್ರಾಣಿಯೂ ಇರಲಾರದೆಂದು ಬಲ್ಲವರೆಲ್ಲ ನಿಶ್ಚಯಿಸಿದ್ದಾರೆ. ಪ್ರವಾಸಿಗಳಿಗಾಗಿ ಕಟ್ಟಿದ ವಿಲಾಸಗೃಹದಲ್ಲಿ ಸಂಗಾತಿಯಾದ ಡೋನಾ ವಿಶ್ರಮಿಸುತ್ತಿರಲು, ಡಾಕ್ಟರನು ನೀಲಮಣಿಯ ಜಲಪಾತವನ್ನು ನೋಡುವುದಕ್ಕಾಗಿ, ಕಿಟಕಿಗಳನ್ನೆಲ್ಲ ಮುಚ್ಚಿದ ವಾಹನವೊಂದನ್ನು ಏರಿ ಒಬ್ಬನೇ ಹೊರಡುತ್ತಾನೆ. ನಾಲ್ಕು ಗಂಟೆಗಳ ಹಾದಿ. ಬೇಸರ ಕಳೆಯಲೆಂದು ಹಾಕಿದ ಚಿತ್ರಗಳ, ಸಂಗೀತದ ಗದ್ದಲವನ್ನು ಅವನು ಗುಟ್ಟಾಗಿ ಅಡಗಿಸಿ, ಸಹಪ್ರಯಾಣಿಕರು ಒಬ್ಬರೊಡನೊಬ್ಬರು ಮಾತನಾಡುವಂತೆ ಮಾಡುತ್ತಾನೆ. ಎಲ್ಲರೂ ನಗುತ್ತಾರೆ, ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಇವರಿಗಿಂತ ಸಾಧುಜನರು ಎಲ್ಲಿಯೂ ಸಿಕ್ಕಲಾರರೆಂದು ನಮಗೆ ತೋರುತ್ತದೆ.

ಅಷ್ಟರಲ್ಲಿ ವಾಹನ ನಿಲ್ಲುತ್ತದೆ. ಜೀವವಿರಲಾರದ ಆ ಬಯಲಿನಿಂದ ಯಾರೋ ಗೋಡೆಯನ್ನು ತಟ್ಟುತ್ತಾರೆ. ಒಳಗಿನಿಂದ ಎಷ್ಟು ಸಲ ತಟ್ಟಿದರೆ ಹೊರಗಿನಿಂದಲೂ ಅಷ್ಟೇ ಸಲ ಉತ್ತರ ಬರುತ್ತದೆ. ಮುಂದಿನ ಕೋಣೆಯು ಚಾಲಕ ಮೆಕ್ಯಾನಿಕ್ಕರ ಸಮೇತ ಕಿತ್ತುಹೋಗುತ್ತದೆ. ಕವಿದ ಕತ್ತಲೆಯು ಸರಿದಾಗ, ಸ್ಕೈ ಸಿಲ್ವೆಸ್ಟ್ರಿ ಎಂಬ ಪ್ರಯಾಣಿಕಳು ಕಣ್ಣು ಮಿಟುಕಿಸದೆ, ಯಾರು ಏನು ನುಡಿದರೂ ಅದನ್ನೇ ಮರುನುಡಿಯತೊಡಗಿರುತ್ತಾಳೆ. ಡಾಕ್ಟರನು ಪೈ ಎಂಬ ಗಣಿತಸಂಖ್ಯೆಯ ವರ್ಗಮೂಲವನ್ನು ದಶಮಾಂಶಗಳ ಉದ್ದನೆಯ ಸಾಲಾಗಿ ಒಪ್ಪಿಸಿದರೂ ಅವಳು ಒಂದಂಕಿ ತಪ್ಪುವುದಿಲ್ಲ. ಬರಬರುತ್ತ ಅವಳ ನುಡಿಯು ಇತರರ ನುಡಿಯೊಡನೆ ಏಕಕಾಲದಲ್ಲಿಯೇ ಹೊರಡುತ್ತದೆ. ಬಳಿಕ ಉಳಿದವರನ್ನೆಲ್ಲ ಬಿಟ್ಟು ಡಾಕ್ಟರನೊಬ್ಬನನ್ನೇ ಹಿಡಿಯುತ್ತದೆ. ಕಟ್ಟಕಡೆಗೆ ಅವಳು ಮೊದಲು ನುಡಿಯುತ್ತಾಳೆ, ಅಲುಗಾಡಲಾರದೆ ಬಿದ್ದ ಅವನು ಅದನ್ನು ಮರುನುಡಿಯುತ್ತಾನೆ. ಮಾತೊಂದೇ ಬಲವಾಗಿದ್ದವನಿಂದ ಮಾತನ್ನೇ ಕಸಿದುಕೊಂಡ ಈ ಕಲ್ಪನೆಗಿಂತ ಭಯಂಕರವಾದುದು ಆ ಧಾರಾವಾಹಿಯ ಯಾವ ರಾಕ್ಷಸನಲ್ಲಿಯೂ ನನಗೆ ಕಂಡಿಲ್ಲ.

ಆದರೂ ನನ್ನನ್ನು ಹೆಚ್ಚಾಗಿ ಕಲಕಿದವರು ಆ ಪ್ರಯಾಣಿಕರು. ಒಬ್ಬ ಪ್ರಾಧ್ಯಾಪಕ, ಅವನ ಶಿಷ್ಯೆ, ಗಂಡ ಹೆಂಡತಿ ಮಗನೆಂಬ ಒಂದು ಸಂಸಾರ, ವಾಹನದ ಪರಿಚಾರಿಕೆ: ಇವರಲ್ಲಿ ದುಷ್ಟರೆನ್ನತಕ್ಕವರು ಯಾರೂ ಇಲ್ಲ. ಸ್ಕೈಯನ್ನು ಹೊರಕ್ಕೆ ತಳ್ಳಿಬಿಡೋಣವೆಂದು ಮೊದಲು ಬಾಯಿಬಿಟ್ಟವಳು ಪರಿಚಾರಿಕೆ. ಡಾಕ್ಟರನು ಅಡ್ಡನಿಂತು ಅದು ಕೊಲೆಯಾಗುವುದೆಂದು ಹೇಳಲು, ಸಂದೇಹವು ಅವನ ಕಡೆಗೇ ತಿರುಗುತ್ತದೆ. ಇಷ್ಟೆಲ್ಲ ಆಜ್ಞೆ ಮಾಡುವುದಕ್ಕೆ ನೀನು ಯಾರು ಎಂದು ಕೇಳಿದವರಿಗೆ, ತಾನು ಬುದ್ಧಿವಂತನೆಂಬುದನ್ನೇ ಅವನು ಕಾರಣವಾಗಿ ಕೊಡುತ್ತಾನೆ. ಹೆಸರು ಕೇಳಿದರೆ ಯಾರೂ ನಂಬಲಾಗದ ಹುಸಿಹೆಸರೊಂದನ್ನು ಹೇಳುತ್ತಾನೆ. ನಾವು ವರ್ಷಗಳಿಂದ ಮೆಚ್ಚಿಕೊಂಡು ಬಂದ ಅವನ ಗುಣಗಳೇ ಆ ಇಕ್ಕಟ್ಟಿನಲ್ಲಿ ಅಹಂಕಾರವಾಗಿ ಕಾಣುವಂತೆ ಬರೆದಿರುವುದು ಡೇವೀಸರ ದಿಟವಾದ ಧೈರ್ಯ. ತನ್ನ ಶಿಷ್ಯೆಯು ಸಕಾರಣವಾದ ಸಂಶಯವನ್ನು ಎತ್ತಿದಾಗ ಪ್ರಾಧ್ಯಾಪಕನು ಅವಳನ್ನು ಸಾಧಾರಣ ಬುದ್ಧಿಯವಳೆಂದು ಹೀಯಾಳಿಸುತ್ತಾನೆ. ವಿದ್ಯೆಯು ಭೀತಿಯ ಸೇವೆಗೆ ನಿಂತ ಆ ಗಳಿಗೆಯನ್ನು ನೋಡುವುದು ಬಹಳ ಕಷ್ಟ. ಮಾತಿಲ್ಲದ ಡಾಕ್ಟರನನ್ನು ಗಂಡಸರು ಬಾಗಿಲ ಕಡೆಗೆ ಎಳೆಯತೊಡಗುತ್ತಾರೆ.

ಆಗ ಸ್ಕೈಯ ಬಾಯಿಂದ ಡಾಕ್ಟರನಿಗೆ ಮಾತ್ರ ರೂಢಿಯಾಗಿದ್ದ ಒಂದೆರಡು ವಿದೇಶೀ ಪದಗಳು ಹೊರಬೀಳುತ್ತವೆ. ಅವು ಕದ್ದ ಮಾತುಗಳೆಂದು ಗುರುತಿಸಿದವಳು ಪರಿಚಾರಿಕೆ. ಅವಳು ಸ್ಕೈಯನ್ನು ತಬ್ಬಿಹಿಡಿದು, ಬಾಗಿಲು ತೆರೆದು, ತಾನೂ ಅವಳೊಡನೆ ಆ ಉಗ್ರವಾದ ಬೆಳಕಿಗೆ ಬಿದ್ದು ಉಳಿದವರನ್ನು ಉಳಿಸುತ್ತಾಳೆ. ಪಾರಾದವರಲ್ಲಿ ಒಬ್ಬಾಕೆ, ಅಪರಾಧಿ ಸ್ಕೈಯೇ ಎಂದು ತಾನು ಮೊದಲೇ ಹೇಳಿದ್ದೆನೆನ್ನುತ್ತಾಳೆ! ಡಾಕ್ಟರನು ಅವಳನ್ನು ಸುಮ್ಮನೆ ನೋಡುತ್ತಾನೆ. ಸತ್ತ ಪರಿಚಾರಿಕೆಯ ಹೆಸರೇನೆಂದು ಅವನು ತರುವಾಯ ವಿಚಾರಿಸಿದರೆ, ಅದು ಅಲ್ಲಿದ್ದ ಯಾರಿಗೂ ತಿಳಿಯದು.

ಹೊರಗಿನಿಂದ ಬಂದು ಸ್ಕೈಯನ್ನು ಹೊಕ್ಕ ಆ ಜೀವಿಯು ಎಂಥದೆಂಬುದನ್ನು ಕಂತಿನಲ್ಲಿ ಎಲ್ಲಿಯೂ ತೋರಿಸಿಲ್ಲ. ಬಹುಪಾಲು ಕಥೆಯು ಒಂದೇ ಕೋಣೆಯಲ್ಲಿ, ರಂಗದ ಮೇಲಣ ನಾಟಕದಂತೆ ನಡೆಯುತ್ತದೆ. ಸ್ಕೈಯಾದ ಲೆಸ್ಲಿ ಶಾರ್ಪ್ ಅವರೂ ಡಾಕ್ಟರನಾದ ಡೇವಿಡ್ ಟೆನೆಂಟ್ ಅವರೂ ಉಸಿರಿಗೆ ಉಸಿರು ಕೂಡಿಸಿ ಜೊತೆಯಲ್ಲಿ ನುಡಿಯುವ ಭಾಗವು ಅಭಿನಯವಿದ್ಯೆಯನ್ನು ಅಭ್ಯಸಿಸುವವರು ಮತ್ತೆ ಮತ್ತೆ ನೋಡತಕ್ಕದ್ದು. 2025ರಲ್ಲಿ ಡೇವೀಸರೇ ಶರ್ಮಾ ಏಂಜೆಲ್-ವಾಲ್ಫಾಲ್ ಅವರೊಡನೆ ‘ದಿ ವೆಲ್’ ಎಂಬ ಕಂತನ್ನು ಬರೆದು ಅದೇ ಗ್ರಹಕ್ಕೆ ಮರಳಿದರು. ಅದೂ ಒಳ್ಳೆಯ ಕಂತೇ. ಆದರೆ ಓದುಗರು ಮೊದಲು 2008ರದನ್ನು ನೋಡಿ, ಆಮೇಲೆ ಅದಕ್ಕೆ ಬರಬೇಕೆಂದು ನನ್ನ ವಿನಂತಿ.